ಶಿಕ್ಷಕರ ಪಕ್ಕದಲ್ಲಿ ಕೂರುವವರು ಯಾರು?

ಶಾಲೆಯೊಂದು ಸರಿಯಾಗಿ ನಡೆಯದಿದ್ದರೆ ನಾವು ಮೊದಲು ಶಿಕ್ಷಕರನ್ನು ದೂರುತ್ತೇವೆ. ಮಗು ಓದದಿದ್ದರೆ ಮಗುವನ್ನೇ ದೂರುತ್ತೇವೆ. ಎರಡೂ ಸುಲಭವಾದ ಕೆಲಸಗಳು. ಆದರೆ ಆ ಶಿಕ್ಷಕರ ಬೆನ್ನಿಗೆ ಯಾರಿದ್ದರು, ಅವರ ಪಾಠವನ್ನು ಪಕ್ಕದಲ್ಲಿ ಕುಳಿತು ನೋಡಿ, ತಿದ್ದಿ, ಧೈರ್ಯ ಹೇಳಿದವರು ಯಾರು ಎಂದು ಕೇಳುವುದು ನಮ್ಮ ರೂಢಿಯಲ್ಲಿಲ್ಲ. ಇಂದು ಆ ಪ್ರಶ್ನೆಯನ್ನೇ ಓದುಗರ ಮುಂದಿಡಲು ಬಯಸುತ್ತೇವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನಮ್ಮ ಮಕ್ಕಳ ಭವಿಷ್ಯವು ಬಹುಮಟ್ಟಿಗೆ ಅದರ ಉತ್ತರವನ್ನು ಅವಲಂಬಿಸಿದೆ ಎಂಬುದು ನಮ್ಮ ನಂಬಿಕೆ.

ಈ ಮಾತನ್ನು ನಮ್ಮದೇ ತಪ್ಪಿನಿಂದ ಆರಂಭಿಸಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಪೇಟೆಯ ಮಸೀದಿಯಲ್ಲಿ ನಾವು ಬೆಳಗಿನ ಮಕ್ತಬ್ ನಡೆಸುತ್ತಿದ್ದೆವು. ಫಜ್ರ್ ನಮಾಝಿನ ಬಳಿಕ ಐವತ್ತಕ್ಕೂ ಹೆಚ್ಚು ಮಕ್ಕಳು ಬಂದು ಕೂರುತ್ತಿದ್ದರು. ಅಕ್ಷರ ಗುರುತಿಸಲು ಕಲಿಯುವವರು, ಕಾಯಿದಾ ಓದುವವರು, ಕುರ್‌ಆನ್ ಪಾರಾಯಣ ಮಾಡುವವರು ಎಲ್ಲರಿಗೂ ಒಂದೇ ಚಾಪೆ, ಒಬ್ಬನೇ ಉಸ್ತಾದ್. ಅವರಲ್ಲಿ ಏಳು ವರ್ಷದ ಒಬ್ಬ ಹುಡುಗನಿದ್ದ. ತಾಯಿ ಮನೆಯಲ್ಲೇ ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದಳು. ಹುಡುಗ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಹೇಳಿದ ಅಕ್ಷರವನ್ನು ಬಿಟ್ಟು ಬೇರೊಂದನ್ನು ಹೇಳುತ್ತಿದ್ದ. ಎರಡು ವರ್ಷವಾದರೂ ಅವನು ಮೊದಲ ಕೆಲವು ಪುಟಗಳನ್ನು ದಾಟಲಿಲ್ಲ. ನಾವು ಗದರಿಸಿದೆವು, ನಿಲ್ಲಿಸಿದೆವು, ಬೆತ್ತವನ್ನೂ ಎತ್ತಿದೆವು. 'ನಿನಗೇನು ಕಿವುಡೇ' ಎಂದು ಎಷ್ಟು ಬಾರಿ ಎಲ್ಲರ ಮುಂದೆ ಕೇಳಿದೆವೋ ಲೆಕ್ಕವಿಲ್ಲ.

ಅದೇ ಹುಡುಗ ಹತ್ತಿರದ ಸರಕಾರಿ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದ. ನಮ್ಮ ಮಗಳೂ ಅಲ್ಲೇ ಓದುತ್ತಿದ್ದುದರಿಂದ ನಾವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಾಗಿದ್ದೆವು. ಒಂದು ದಿನ ಸಹಿ ಹಾಕಲೆಂದು ಹೋದಾಗ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಎಲ್ಲರೂ ಸಿಆರ್‌ಪಿ ಎಂದು ಕರೆಯುವವರು, ನಲಿ-ಕಲಿ ಕೊಠಡಿಯಲ್ಲಿ ಮಕ್ಕಳ ನಡುವೆ ನೆಲದ ಮೇಲೆ ಕುಳಿತಿದ್ದರು. ಶಿಕ್ಷಕಿ ತಮ್ಮ ಪಾಠ ಮಾಡುತ್ತಿದ್ದರು. ಇವರು ಏನೂ ಹೇಳದೆ ಮಕ್ಕಳನ್ನು ನೋಡುತ್ತಿದ್ದರು. ಪಾಠ ಮುಗಿದ ಮೇಲೆ ಅವರು ಶಿಕ್ಷಕಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೇ: ಈ ಹುಡುಗ ನೀವು ಮಾತಾಡುವಾಗ ತಲೆಯನ್ನು ಒಂದು ಕಡೆಗೆ ತಿರುಗಿಸುತ್ತಾನೆ, ನಿಮ್ಮ ತುಟಿಯನ್ನು ನೋಡುತ್ತಾನೆ, ಅವನ ಕಿವಿಯನ್ನು ತೋರಿಸಿ. ಮುಂದೆ ಶಾಲೆಗೆ ಬಂದ ಆರೋಗ್ಯ ತಪಾಸಣಾ ತಂಡವು ಅವನನ್ನು ಆಸ್ಪತ್ರೆಗೆ ಕಳುಹಿಸಿತು. ಎರಡೂ ಕಿವಿಗಳು ಬಹುಕಾಲದಿಂದ ಸೋರುತ್ತಿದ್ದವು. ಚಿಕಿತ್ಸೆಯಿಂದ ಬಲಗಿವಿ ಸುಧಾರಿಸಿತು. ಎಡಗಿವಿಗೆ ತಡವಾಗಿಹೋಗಿತ್ತು.

ಆ ಸಿಆರ್‌ಪಿ ನಮಗಿಂತ ದೊಡ್ಡ ವಿದ್ವಾಂಸರೇನೂ ಅಲ್ಲ. ಆ ಶಿಕ್ಷಕಿಯೂ ನಿರ್ಲಕ್ಷ್ಯದವರಲ್ಲ. ಪಾಠ ಹೇಳುವವರ ಕಣ್ಣು ಪಾಠದ ಮೇಲಿರುತ್ತದೆ. ಪಕ್ಕದಲ್ಲಿ ಕುಳಿತವರ ಕಣ್ಣು ಮಗುವಿನ ಮೇಲಿರುತ್ತದೆ. ಶಾಲೆಗೆ ಅಂತಹ ಎರಡನೆಯ ಜೊತೆ ಕಣ್ಣುಗಳು ಬಂದವು. ನಮ್ಮ ಮಕ್ತಬ್‌ಗೆ ಬರಲಿಲ್ಲ. ಬರಬೇಕೆಂದು ನಮಗೆ ಎಂದೂ ಅನ್ನಿಸಿಯೂ ಇರಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಅದರ ಬೆಲೆಯನ್ನು ತೆತ್ತವನು ಏಳು ವರ್ಷದ ಬಾಲಕ.

ಶಾಲೆಗಳಿಗೆ ಆಸರೆಯಾಗಿ ನಿಲ್ಲುವ ಈ ಏರ್ಪಾಡು ನಮ್ಮ ಸೀಮೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು ಶಾಲೆಗಳಲ್ಲಿ ಮರಾಠಿಯೇ ಮೇಲುಗೈ ಪಡೆದಿದ್ದ ಕಾಲದಲ್ಲಿ, ಡೆಪ್ಯುಟಿ ಚೆನ್ನಬಸಪ್ಪನವರು ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಊರೂರು ಸುತ್ತಿದರು. ಅವರ ಹೆಸರಿನೊಂದಿಗೇ ಅಂಟಿಕೊಂಡ 'ಡೆಪ್ಯುಟಿ' ಎಂಬ ಮಾತು ಅವರ ಹುದ್ದೆಯ ನೆನಪು. ಅವರು ಶಾಲೆಗಳನ್ನು ತಪಾಸಣೆ ಮಾಡಿ ಹೊರಟುಹೋಗುವ ಅಧಿಕಾರಿಯಾಗಿರಲಿಲ್ಲ. ಕನ್ನಡ ಶಾಲೆಗಳನ್ನು ತೆರೆಸಿದರು, ಶಿಕ್ಷಕರನ್ನು ತಯಾರು ಮಾಡಿದರು, ಓದಲು ಪುಸ್ತಕವಿಲ್ಲದೆಡೆ ಪುಸ್ತಕ ಬರೆಸಿದರು, ತಾವೂ ಬರೆದರು. ಶಿಕ್ಷಕರಿಗಾಗಿಯೇ ನಡೆದ 'ಮಠಪತ್ರಿಕೆ'ಯೊಂದಿಗೂ ಅವರ ಹೆಸರು ಬೆಸೆದುಕೊಂಡಿದೆ. ಮೇಲಧಿಕಾರಿಯಾದವನು ಶಿಕ್ಷಕನಿಗೆ ಆಸರೆಯೂ ಆಗಬಲ್ಲನೆಂಬುದಕ್ಕೆ ನಮ್ಮ ಗಡಿನಾಡಿನಲ್ಲಿ ಅದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಇಂದಿನ ವ್ಯವಸ್ಥೆಯ ಬೇರು 1994ರಲ್ಲಿದೆ. ಆ ವರ್ಷ ಕೇಂದ್ರ ಸರಕಾರದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ಆರಂಭವಾದಾಗ ಕರ್ನಾಟಕದಿಂದ ಮೊದಲ ಹಂತದಲ್ಲಿ ಆಯ್ಕೆಯಾದದ್ದು ನಾಲ್ಕು ಜಿಲ್ಲೆಗಳು: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಹೆಣ್ಣುಮಕ್ಕಳ ಸಾಕ್ಷರತೆ ರಾಷ್ಟ್ರದ ಸರಾಸರಿಗಿಂತ ಕೆಳಗಿರುವುದು ಆಯ್ಕೆಯ ಮಾನದಂಡಗಳಲ್ಲಿ ಒಂದಾಗಿತ್ತು. ಆ ಕಾರ್ಯಕ್ರಮದ ಅತಿ ಮುಖ್ಯ ಕೊಡುಗೆ ಕಟ್ಟಡಗಳಲ್ಲ, ತಾಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ ಹಾಗೂ ಹತ್ತು ಹದಿನೈದು ಶಾಲೆಗಳಿಗೊಂದು ಕ್ಲಸ್ಟರ್ ಸಂಪನ್ಮೂಲ ಕೇಂದ್ರ ಎಂಬ ಏರ್ಪಾಡು. ಮೊದಲು ಶಾಲೆಗೆ ಬರುತ್ತಿದ್ದವರು ಇನ್‌ಸ್ಪೆಕ್ಟರರು. ಅವರು ಬರುವ ಸುದ್ದಿ ತಿಳಿದರೆ ಶಾಲೆಗೆ ಸುಣ್ಣ ಬಳಿಯಲಾಗುತ್ತಿತ್ತು, ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಲಾಗುತ್ತಿತ್ತು. ಕ್ಲಸ್ಟರ್ ವ್ಯವಸ್ಥೆಯ ಆಶಯ ಬೇರೆ. ಶಿಕ್ಷಕರಲ್ಲೇ ಒಬ್ಬರು ಸುತ್ತಲಿನ ಶಾಲೆಗಳಿಗೆ ಹೋಗಿ ಕೂರಬೇಕು, ತಾವೂ ಒಂದು ಪಾಠ ಮಾಡಿ ತೋರಿಸಬೇಕು, ಎಲ್ಲರೂ ಒಂದೆಡೆ ಸೇರುವ ಸಮಾಲೋಚನಾ ಸಭೆಯಲ್ಲಿ ತೊಡಕುಗಳನ್ನು ಬಿಚ್ಚಿಡಬೇಕು. ಮುಂದೆ ಸರ್ವಶಿಕ್ಷಾ ಅಭಿಯಾನ, 2018ರಿಂದ ಸಮಗ್ರ ಶಿಕ್ಷಣ ಎಂದು ಹೆಸರುಗಳು ಬದಲಾದರೂ ಈ ಚೌಕಟ್ಟು ಉಳಿದಿದೆ. ಬೆಳಗಾವಿ ಕಂದಾಯ ಜಿಲ್ಲೆಯೊಳಗೇ ಚಿಕ್ಕೋಡಿಯು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿ ತನ್ನದೇ ಉಪನಿರ್ದೇಶಕರ ಕಚೇರಿಯನ್ನು ಪಡೆದಿದೆ.

ನಲಿ-ಕಲಿಯ ಕತೆಯೂ ಇದನ್ನೇ ಹೇಳುತ್ತದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ತಮ್ಮ ಮಕ್ಕಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು ರೂಪಿಸಿದರು. ಒಂದೇ ಕೊಠಡಿಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಈ ವಿಧಾನ 2009ರ ಹೊತ್ತಿಗೆ ಇಡೀ ರಾಜ್ಯಕ್ಕೆ ಹಬ್ಬಿತು. ಮೇಲಿನಿಂದ ಇಳಿದು ಬಂದ ಆಜ್ಞೆಗಿಂತ, ಶಿಕ್ಷಕರು ಪರಸ್ಪರರಿಂದ ಕಲಿತದ್ದು ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಮಕ್ತಬ್‌ನಲ್ಲಿಯೂ ಇದ್ದದ್ದು ಅದೇ ಸಮಸ್ಯೆ: ಒಂದು ಚಾಪೆ, ಹಲವು ಮಟ್ಟದ ಮಕ್ಕಳು. ಪರಿಹಾರವು ಇನ್ನೂರು ಹೆಜ್ಜೆಯಾಚೆಯ ಶಾಲೆಯಲ್ಲಿತ್ತು. ನಾವು ಸಹಿ ಹಾಕಲು ಹೋದಾಗಲಷ್ಟೇ ಅದನ್ನು ಕಂಡೆವು.

ಆದರೆ ಈ ವ್ಯವಸ್ಥೆಯ ಇಂದಿನ ಸ್ಥಿತಿ ಅದರ ಆಶಯದಷ್ಟು ಚೆನ್ನಾಗಿದೆಯೆಂದು ಹೇಳಲಾರೆವು. ನಾವು ಕಂಡ ಅನೇಕ ಸಿಆರ್‌ಪಿಗಳ ದಿನದ ಬಹುಪಾಲು ಮಾಹಿತಿ ಸಂಗ್ರಹಿಸುವುದರಲ್ಲೇ ಕಳೆಯುತ್ತದೆ. ಸಮವಸ್ತ್ರದ ಲೆಕ್ಕ, ಆಧಾರ್ ಜೋಡಣೆ, ಬಿಸಿಯೂಟದ ಅಂಕಿ, ಮೊಬೈಲಿನಲ್ಲಿ ತುಂಬಬೇಕಾದ ನಮೂನೆಗಳು. ಶಾಲೆಯ ಬಾಗಿಲಲ್ಲೇ ನಿಂತು ವಿವರ ಬರೆದುಕೊಂಡು ಮುಂದಿನ ಶಾಲೆಗೆ ಹೋಗುವ ಸಂಪನ್ಮೂಲ ವ್ಯಕ್ತಿಯ ಬಳಿ ಸಂಪನ್ಮೂಲವೇನು ಉಳಿದೀತು? ಇದು ಅವರ ದೋಷವಲ್ಲ. ಆಸರೆಗೆಂದು ನೇಮಿಸಿದವರನ್ನು ಗುಮಾಸ್ತರನ್ನಾಗಿ ಮಾಡಿದ್ದು ನಮ್ಮೆಲ್ಲರ ಆಡಳಿತದ ದೋಷ.

ನಮ್ಮ ಗಡಿಭಾಗದಲ್ಲಿ ಇದರ ಪರಿಣಾಮ ಇನ್ನಷ್ಟು ತೀಕ್ಷ್ಣ. ನಿಪ್ಪಾಣಿಯ ಒಂದು ಮುಸ್ಲಿಂ ಮನೆಯ ಮಗುವನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ದಕ್ಖನಿ ಉರ್ದು, ಓಣಿಯಲ್ಲಿ ಮರಾಠಿ, ಅಂಗನವಾಡಿಯಲ್ಲಿ ಕನ್ನಡ, ಮಕ್ತಬ್‌ನಲ್ಲಿ ಅರಬೀ ಅಕ್ಷರ. ಆರು ವರ್ಷ ತುಂಬುವ ಮೊದಲೇ ನಾಲ್ಕು ಭಾಷೆಗಳು ಆ ಮಗುವಿನ ಕಿವಿಗೆ ಬಿದ್ದಿರುತ್ತವೆ. ಇದು ಸರಿಯಾದ ಕೈಗೆ ಸಿಕ್ಕರೆ ಸಂಪತ್ತು. ಸಿಗದಿದ್ದರೆ ಮಗು ತರಗತಿಯಲ್ಲಿ ಮೂಕವಾಗಿ ಕೂರುತ್ತದೆ, ನಾವು ಅದಕ್ಕೆ 'ಮಂದ' ಎಂದು ಹೆಸರಿಡುತ್ತೇವೆ. ಉರ್ದು ಶಾಲೆಗಳ ಕಷ್ಟ ಇನ್ನೊಂದು ಬಗೆಯದು. ಅವು ಊರಿನಿಂದೂರಿಗೆ ಚದುರಿಕೊಂಡಿವೆ. ಕನ್ನಡ ಶಾಲೆಯ ಶಿಕ್ಷಕಿಗೆ ನೆರೆಯ ಶಾಲೆ ನಡೆದುಹೋಗುವ ದೂರದಲ್ಲಿದ್ದರೆ, ಉರ್ದು ಶಾಲೆಯ ಶಿಕ್ಷಕಿಗೆ ತನ್ನ ಭಾಷೆಯಲ್ಲಿ ಪಾಠದ ತೊಡಕನ್ನು ಹೇಳಿಕೊಳ್ಳಬಲ್ಲ ಮತ್ತೊಬ್ಬ ಶಿಕ್ಷಕಿ ಸಿಗಲು ಬಸ್ಸು ಹತ್ತಬೇಕಾಗುತ್ತದೆ.

ಇದರ ಮೇಲೆ ನೆರೆ. 2005, 2019, 2021ರಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ಮಾಂಜರಿ, ಯಡೂರ, ಕುಡಚಿಯಂತಹ ನದೀತೀರದ ಊರುಗಳ ಜನ ಪಟ್ಟ ಪಾಡು ಓದುಗರಿಗೆ ತಿಳಿದದ್ದೇ. ನೆರೆ ಬಂದಾಗ ಎತ್ತರದ ಶಾಲೆ ಆಶ್ರಯ ಕೇಂದ್ರವಾಗುತ್ತದೆ, ತಗ್ಗಿನ ಶಾಲೆ ನೀರಿನಲ್ಲಿ ನಿಲ್ಲುತ್ತದೆ. ಎರಡೂ ಕಡೆ ಪಾಠ ನಿಲ್ಲುತ್ತದೆ. ಅದರ ಬೆನ್ನಿಗೇ 2020ರ ಮಾರ್ಚಿನಿಂದ ಕೊರೋನಾ ಶಾಲೆಗಳ ಬಾಗಿಲು ಮುಚ್ಚಿಸಿತು. ಆ ವರ್ಷ ಸರಕಾರ ಕೈಗೊಂಡ 'ವಿದ್ಯಾಗಮ'ದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಮರದಡಿಯಲ್ಲಿ, ಗುಡಿಯ ಕಟ್ಟೆಯಲ್ಲಿ, ಸಮುದಾಯ ಭವನದಲ್ಲಿ ಪಾಠ ಹೇಳಿದರು. 2022–23ನೇ ಸಾಲನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಕರೆದು ಹಿಂದಿನ ತರಗತಿಗಳ ಕಲಿಕೆಯನ್ನು ಮರಳಿ ಕಟ್ಟುವ ಪ್ರಯತ್ನ ನಡೆಯಿತು. ಶಾಲೆಗಳಿಗೆ ಹೀಗೆ ಚೇತರಿಕೆಯ ಯೋಜನೆಯಾದರೂ ಇತ್ತು. ಅದೇ ಅವಧಿಯಲ್ಲಿ ನಮ್ಮ ಮಕ್ತಬ್‌ಗಳೂ ಮುಚ್ಚಿದ್ದವು. ತೆರೆದ ಮೇಲೆ ಯಾವ ಮಗು ಎಲ್ಲಿ ನಿಂತಿದೆಯೆಂದು ಪರಿಶೀಲಿಸಿದ ಜಮಾಅತ್‌ಗಳು ಎಷ್ಟು? ನಾವಂತೂ ಬಿಟ್ಟ ಪುಟದಿಂದಲೇ ಮುಂದುವರಿಸಿದೆವು. ಮಕ್ಕಳು ಆ ಪುಟವನ್ನು ಮರೆತು ಬಹಳ ದಿನಗಳಾಗಿದ್ದವು.

ಇನ್ನು ಶಾಲೆಗೂ ಮೊದಲಿನ ವಯಸ್ಸಿನ ವಿಷಯಕ್ಕೆ ಬರೋಣ. ನಮ್ಮ ಕುಟುಂಬಗಳು ಅತಿ ಕಡಿಮೆ ಗಮನ ಕೊಡುವುದು ಇಲ್ಲಿಯೇ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಅದು ತಿರುಮಕೂಡಲು ನರಸೀಪುರದಲ್ಲಿ ಕಾಲಿಟ್ಟಿತು. ಐವತ್ತು ವರ್ಷಗಳಲ್ಲಿ ಅಂಗನವಾಡಿ ಪ್ರತಿ ಓಣಿಗೂ ಬಂದಿದೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ ಇವುಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಅದರ ಕರ್ತವ್ಯ. ಕಾರ್ಯಕರ್ತೆಗೆ ಆಸರೆಯಾಗಿ ಮೇಲ್ವಿಚಾರಕಿ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಇದ್ದಾರೆ. 2023ರಲ್ಲಿ ಆರಂಭವಾದ 'ಪೋಷಣ್ ಭಿ ಪಢಾಯಿ ಭಿ' ಕಾರ್ಯಕ್ರಮವು ಕಾರ್ಯಕರ್ತೆಯರಿಗೆ ಆಟದ ಮೂಲಕ ಕಲಿಸುವ ತರಬೇತಿ ಕೊಡುತ್ತಿದೆ.

ನಿಪ್ಪಾಣಿ ಸೀಮೆಯ ತಂಬಾಕು ಎಷ್ಟು ಹೆಸರುವಾಸಿಯೋ ಅಲ್ಲಿ ಬೀಡಿ ಕಟ್ಟುವ ತಾಯಂದಿರ ದುಡಿಮೆ ಅಷ್ಟೇ ಅದೃಶ್ಯ. 1966ರ ಬೀಡಿ ಕಾರ್ಮಿಕರ ಕಾಯಿದೆಯು ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತ್ತು. ಆದರೆ ಮನೆಯ ಪಡಸಾಲೆಯಲ್ಲಿ ಕುಳಿತು ಎಲೆ ಕತ್ತರಿಸುವ ತಾಯಿಗೆ ಅದು ತಲಪಲಿಲ್ಲ. ಅವಳ ಮೊರದ ಪಕ್ಕದಲ್ಲೇ, ತಂಬಾಕಿನ ಧೂಳಿನ ನಡುವೆ ಮಗು ಬೆಳೆಯುತ್ತದೆ. ಅಂತಹ ಮಗುವಿಗೆ ದಿನದ ಕೆಲವು ಗಂಟೆಗಳ ಕಾಲ ಶುದ್ಧ ಗಾಳಿ, ಬಿಸಿ ಊಟ, ಹಾಡು, ಕತೆ, ಓರಗೆಯ ಮಕ್ಕಳ ಸಹವಾಸ ಸಿಗುವ ತಾಣ ಅಂಗನವಾಡಿಯೊಂದೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಸರಕಾರಿ ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ನಾವು ಹೇಳಿದ ಆ ಹುಡುಗನನ್ನು ಅವನ ತಾಯಿ ಮೂರನೆಯ ವಯಸ್ಸಿನಲ್ಲಿ ಅಂಗನವಾಡಿಗೆ ಕಳುಹಿಸಿದ್ದರೆ ಅವನ ಕಿವಿಯ ತೊಂದರೆ ನಾಲ್ಕು ವರ್ಷ ಮೊದಲೇ ಕಣ್ಣಿಗೆ ಬೀಳುವ ಸಾಧ್ಯತೆಯಿತ್ತು.

ಅವಳು ಕಳುಹಿಸಲಿಲ್ಲ. ಏಕೆಂದರೆ ಅಂಗನವಾಡಿ ಎಂದರೆ ಬರಿಯ ಹಿಟ್ಟು ಹಂಚುವ ಜಾಗವೆಂದು ಅವಳಿಗೆ ಹೇಳಿದ್ದವರು ನಮ್ಮವರೇ. ಇನ್ನು ಸ್ವಲ್ಪ ಅನುಕೂಲವುಳ್ಳವರು ಗಲ್ಲಿಯ ಕಾನ್ವೆಂಟಿನ ಟೈ ಕಂಡು ಮರುಳಾಗುತ್ತಾರೆ. ಮೂರು ವರ್ಷದ ಮಗು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಗಿಳಿಯಂತೆ ಒಪ್ಪಿಸಿದರೆ ಹಿಗ್ಗುತ್ತಾರೆ. ಅಲ್ಲಿ ಪಾಠ ಹೇಳುವ ಹುಡುಗಿಗೆ ಏನು ತರಬೇತಿಯಿದೆ, ಅವಳ ತರಗತಿಯನ್ನು ಯಾರಾದರೂ ಬಂದು ನೋಡುತ್ತಾರೆಯೇ ಎಂದು ಶುಲ್ಕ ಕಟ್ಟುವಾಗ ಕೇಳುವವರನ್ನು ನಾವು ಕಂಡಿಲ್ಲ. ನಮ್ಮ ಕೆಲವು ಸಂಘಟನೆಗಳು ಸದುದ್ದೇಶದಿಂದ ತೆರೆದಿರುವ ಶಿಶುವಿಹಾರಗಳ ವಿಷಯದಲ್ಲೂ ಇದೇ ಪ್ರಶ್ನೆ ಕೇಳಬೇಕಾಗಿದೆ. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಪಾಠ ಒಳ್ಳೆಯದಾಗುವುದಿಲ್ಲ.

ಸರಕಾರಿ ವ್ಯವಸ್ಥೆಯ ಕುಂದುಗಳನ್ನು ಹೇಳಿದೆವು. ಆದರೆ ಆ ವ್ಯವಸ್ಥೆಯಲ್ಲಿ ನಮಗೆಂದೇ ಇಟ್ಟಿರುವ ಆಸನಗಳು ಖಾಲಿಯಿರುವುದನ್ನೂ ಹೇಳಬೇಕು. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಸಮಿತಿಗಳು 2001ರಲ್ಲೇ ಬಂದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕೆಂದೂ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳಿತು. ಅಂಗನವಾಡಿಗೂ ಬಾಲವಿಕಾಸ ಸಮಿತಿಯಿದೆ. ನಮ್ಮ ಓಣಿಗಳ ಶಾಲೆಗಳಲ್ಲಿ ಎಷ್ಟು ತಾಯಂದಿರು ಆ ಆಸನದಲ್ಲಿ ಕುಳಿತು ಬಾಯಿ ತೆರೆದು ಪ್ರಶ್ನೆ ಕೇಳುತ್ತಾರೆ? ನಾವೇ ಸದಸ್ಯರಾಗಿದ್ದಾಗ ಸಭೆಯ ಪುಸ್ತಕ ಮನೆಗೆ ಬರುತ್ತಿತ್ತು, ನಾವು ಓದದೆ ಸಹಿ ಹಾಕುತ್ತಿದ್ದೆವು. ಸಮಿತಿಯ ಸ್ಥಾನ ಒಂದು ಅಮಾನತ್. ಪ್ರತಿಯೊಬ್ಬನೂ ಹೊಣೆಗಾರ, ತನ್ನ ಹೊಣೆಯ ಕುರಿತು ಪ್ರಶ್ನಿಸಲ್ಪಡುವವನು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮಿಂಬರ್‌ಗಳಿಂದ ಎಷ್ಟೋ ಬಾರಿ ಕೇಳಿದ್ದೇವೆ. ಆ ಹೊಣೆಯಲ್ಲಿ ಶಾಲೆಯ ಸಭಾ ಪುಸ್ತಕವೂ ಸೇರಿದೆಯೆಂದು ನಮಗೆ ಹೊಳೆದದ್ದು ಬಹಳ ತಡವಾಗಿ.

ಈಗ ನಮ್ಮದೇ ಅಂಗಳಕ್ಕೆ ಬರೋಣ. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು ಮದ್ರಸಗಳನ್ನೂ ವೇದಪಾಠಶಾಲೆಗಳನ್ನೂ ಪ್ರಧಾನವಾಗಿ ಧಾರ್ಮಿಕ ಬೋಧನೆ ನೀಡುವ ಇತರ ಸಂಸ್ಥೆಗಳನ್ನೂ ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ನಾವೆಲ್ಲ ಅದನ್ನು ಸ್ವಾಗತಿಸಿದೆವು, ಅದು ಸರಿಯೂ ಆಗಿತ್ತು. ಆದರೆ ಹಸ್ತಕ್ಷೇಪ ಇಲ್ಲದಿರುವುದು ಬೇರೆ, ಆಸರೆಯೇ ಇಲ್ಲದಿರುವುದು ಬೇರೆ. ಹೊರಗಿನವರು ಕೈ ಹಾಕಬಾರದೆಂದಾದರೆ ಒಳಗಿನವರ ಕೈ ಎರಡು ಪಟ್ಟು ದುಡಿಯಬೇಕಲ್ಲವೇ? ಮಸೀದಿಯ ಸಮಿತಿ ಮುಅಲ್ಲಿಮರನ್ನು ನೇಮಿಸುತ್ತದೆ, ಸಂಬಳ ಕೊಡುತ್ತದೆ, ದೂರು ಬಂದರೆ ಕರೆದು ವಿಚಾರಿಸುತ್ತದೆ. ಅವರ ಪಾಠದ ಪಕ್ಕದಲ್ಲಿ ಕುಳಿತವರು ಮಾತ್ರ ಯಾರೂ ಇಲ್ಲ. ಕೆಲವೇ ಸಾವಿರ ರೂಪಾಯಿಗಳಲ್ಲಿ ಸಂಸಾರ ತೂಗಿಸುತ್ತಾ, ಐವತ್ತು ಮಕ್ಕಳನ್ನು ಒಬ್ಬಂಟಿಯಾಗಿ ಎದುರಿಸುವ ಯುವಕ ಬೆತ್ತವನ್ನು ಹಿಡಿದರೆ ಅಚ್ಚರಿಯೇನು? ಬೆತ್ತ ಹಿಡಿದ ಕೈ ಎಷ್ಟೋ ವೇಳೆ ಆಸರೆಯಿಲ್ಲದ ಕೈ. ಇದು ನಮ್ಮ ತಪ್ಪಿಗೆ ಸಮರ್ಥನೆಯಲ್ಲ. ಮುಂದೆ ಅದು ನಡೆಯದಿರಲು ತಿಳಿದಿರಬೇಕಾದ ಕಾರಣ ಮಾತ್ರ.

ಕರಾವಳಿಯ ಓದುಗರಿಗೆ ಇದು ವಿಚಿತ್ರವೆನ್ನಿಸಬಹುದು. ಕೇರಳದಲ್ಲಿ 1951ರಲ್ಲಿ ಸ್ಥಾಪನೆಯಾದ ಸಮಸ್ತದ ಇಸ್ಲಾಮೀ ಮತ ವಿದ್ಯಾಭ್ಯಾಸ ಮಂಡಳಿಯ ಪದ್ಧತಿ ಗಡಿ ದಾಟಿ ದಕ್ಷಿಣ ಕನ್ನಡ, ಕೊಡಗುಗಳಿಗೂ ಬಂದಿದೆ. ಅಲ್ಲಿ ಮದ್ರಸಗಳಿಗೆ ಒಂದೇ ಪಠ್ಯಕ್ರಮವಿದೆ, ಐದನೆಯ ಹಾಗೂ ಏಳನೆಯ ತರಗತಿಗಳಿಗೆ ಸಾರ್ವತ್ರಿಕ ಪರೀಕ್ಷೆಯಿದೆ, ಹತ್ತಿರದ ಮದ್ರಸಗಳನ್ನು ಕೂಡಿಸಿದ 'ರೇಂಜ್' ಇದೆ, ಮುಅಲ್ಲಿಮರ ಸಭೆಗಳಿವೆ, ಮದ್ರಸದಿಂದ ಮದ್ರಸಕ್ಕೆ ತೆರಳುವ ಮುಫತ್ತಿಶರಿದ್ದಾರೆ. ಸಂಘಟನೆಗಳ ನಡುವಿನ ಭಿನ್ನಾಭಿಪ್ರಾಯಗಳ ಚರ್ಚೆ ಇಲ್ಲಿ ಬೇಡ. ಕ್ಲಸ್ಟರ್ ಎಂಬ ಕಲ್ಪನೆ ನಮ್ಮ ಸರಕಾರಿ ಶಾಲೆಗಳಿಗೆ ಬರುವ ದಶಕಗಳ ಮೊದಲೇ ಮುಸ್ಲಿಂ ಸಮುದಾಯವೊಂದು ತನ್ನ ಕೈಯಾರೆ ಅಂತಹದೊಂದನ್ನು ಕಟ್ಟಿಕೊಂಡಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಕರಾವಳಿಯಲ್ಲಿ ಆಗಿರುವುದು ಕೃಷ್ಣಾತೀರದಲ್ಲಿ ಆಗಬಾರದೆಂದೇನೂ ಇಲ್ಲ.

ದೊಡ್ಡ ಮಂಡಳಿ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಚಿಕ್ಕೋಡಿಯಲ್ಲಿ, ನಿಪ್ಪಾಣಿಯಲ್ಲಿ, ಅಥಣಿಯಲ್ಲಿ, ರಾಯಬಾಗ-ಕುಡಚಿಯಲ್ಲಿ, ಕಾಗವಾಡ-ಉಗಾರದಲ್ಲಿ ಹತ್ತಿರ ಹತ್ತಿರದ ಏಳೆಂಟು ಮಕ್ತಬ್‌ಗಳು ಒಂದು ಗುಂಪಾಗಲಿ. ಅವುಗಳಲ್ಲಿ ಅನುಭವಸ್ಥರಾದ, ಮಕ್ಕಳು ಇಷ್ಟಪಡುವ ಒಬ್ಬ ಉಸ್ತಾದರನ್ನು ವಾರದಲ್ಲಿ ಎರಡು ಬೆಳಗು ತಮ್ಮ ಮಕ್ತಬ್‌ನಿಂದ ಬಿಡುಗಡೆ ಮಾಡಿ ಇತರ ಮಕ್ತಬ್‌ಗಳಿಗೆ ಕಳುಹಿಸಲಿ. ಅವರ ಕೆಲಸ ಪರೀಕ್ಷೆ ಮಾಡುವುದಲ್ಲ, ಪಕ್ಕದಲ್ಲಿ ಕೂರುವುದು. ಅವರು ಕಂಡದ್ದನ್ನು ಆ ಉಸ್ತಾದರಿಗೆ ಹೇಳಲಿ, ಸಮಿತಿಗೆ ಹೇಳದಿರಲಿ. ಈ ಒಂದು ನಿಯಮ ಮುರಿದ ದಿನ ಆಸರೆ ಹೋಗಿ ಗೂಢಚರ್ಯೆ ಬರುತ್ತದೆ. ತಿಂಗಳಿಗೊಮ್ಮೆ ಝುಹರ್ ನಮಾಝಿನ ಬಳಿಕ ಎಲ್ಲ ಮುಅಲ್ಲಿಮರೂ ಒಂದೊಂದು ಮಸೀದಿಯಲ್ಲಿ ಸೇರಲಿ. ಅಲ್ಲಿ ಭಾಷಣ ಬೇಡ. ಒಬ್ಬರು ಒಂದು ಪಾಠ ಮಾಡಿ ತೋರಿಸಲಿ, ಉಳಿದವರು ತಮ್ಮಲ್ಲಿ ಕಲಿಯದ ಒಂದು ಮಗುವಿನ ಬಗ್ಗೆ ಮಾತಾಡಲಿ. ಹೆಣ್ಣುಮಕ್ಕಳ ಮಕ್ತಬ್ ನಡೆಸುವ ಮುಅಲ್ಲಿಮಾಗಳಿಗೂ ಇದೇ ಏರ್ಪಾಡು ಪ್ರತ್ಯೇಕವಾಗಿ ಇರಲಿ.

ಎರಡನೆಯದಾಗಿ, ಮಸೀದಿಯೂ ಶಾಲೆಯೂ ಅಂಗನವಾಡಿಯೂ ಒಂದೇ ಮಗುವನ್ನು ಹಂಚಿಕೊಂಡಿವೆ ಎಂಬುದನ್ನು ಒಪ್ಪಿಕೊಳ್ಳೋಣ. ವರ್ಷಕ್ಕೆರಡು ಬಾರಿಯಾದರೂ ಉಸ್ತಾದರು, ಮುಖ್ಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ ಒಂದೆಡೆ ಕೂರಲಿ. ಬೆಳಗ್ಗೆ ಆರಕ್ಕೇ ಮಕ್ತಬ್‌ಗೆ ಬರುವ ಮಗು ತಿಂಡಿಯಿಲ್ಲದೆ ನೇರ ಶಾಲೆಗೆ ಹೋಗುತ್ತಿದೆಯೇ, ಒಂದು ಕಡೆ ಮೌನಿಯಾದ ಮಗು ಇನ್ನೊಂದು ಕಡೆ ಮಾತಾಡುತ್ತಿದೆಯೇ ಎಂಬುದು ಮೂವರೂ ಸೇರಿದಾಗ ಮಾತ್ರ ತಿಳಿಯುತ್ತದೆ. ಜುಮುಅದ ದಿನ ಅಂಗನವಾಡಿಯ ದಾಖಲಾತಿ, ಚುಚ್ಚುಮದ್ದು, ಆರೋಗ್ಯ ತಪಾಸಣೆಯ ದಿನಾಂಕಗಳನ್ನು ಮಸೀದಿಯ ಧ್ವನಿವರ್ಧಕದಲ್ಲಿ ತಿಳಿಸಲು ಎರಡು ನಿಮಿಷ ಸಾಕು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ದೀನೀ ಶಿಕ್ಷಣದವರು ಸರಕಾರಿ ಶಾಲೆಯಿಂದ ಕಲಿಯಬೇಕೇ ಎಂದು ಕೆಲವರು ಕೇಳುತ್ತಾರೆ. ಬದ್ರ್ ಯುದ್ಧದ ಖೈದಿಗಳಲ್ಲಿ ಅಕ್ಷರ ಬಲ್ಲವರಿಗೆ ಮದೀನಾದ ಹತ್ತು ಮಕ್ಕಳಿಗೆ ಓದು ಬರಹ ಕಲಿಸುವುದನ್ನೇ ಬಿಡುಗಡೆಯ ಪರಿಹಾರವೆಂದು ಪ್ರವಾದಿ(ಸ) ನಿಗದಿಪಡಿಸಿದ್ದನ್ನು ಸೀರತ್ ಗ್ರಂಥಗಳು ಹೇಳುತ್ತವೆ. ನಿನ್ನೆ ಕತ್ತಿ ಹಿಡಿದು ಬಂದವರಿಂದ ಕಲಿಯಬಹುದಾದರೆ, ನಮ್ಮ ಮಕ್ಕಳನ್ನು ಪ್ರತಿದಿನ ಸಲಹುವ ನೆರೆಮನೆಯ ಶಿಕ್ಷಕಿಯಿಂದ ಕಲಿಯಲು ಸಂಕೋಚವೇಕೆ? ಇನ್ನು ಕೆಲವರು, ಉಸ್ತಾದರ ಪಾಠವನ್ನು ಇನ್ನೊಬ್ಬರು ನೋಡುವುದು ಅವರ ಗೌರವಕ್ಕೆ ಕುಂದು ಎನ್ನುತ್ತಾರೆ. ಅವರನ್ನು ಒಂಟಿಯಾಗಿ ಬಿಟ್ಟು, ಸೋತಾಗ ಮನೆಗೆ ಕಳುಹಿಸುವುದಕ್ಕಿಂತ ದೊಡ್ಡ ಅಗೌರವ ಯಾವುದು? ಹಣವೆಲ್ಲಿ ಎಂದು ಕೇಳುವವರು ನಮ್ಮ ಜಲ್ಸಾಗಳ ಪೆಂಡಾಲಿನ, ದೀಪಾಲಂಕಾರದ ಒಂದು ವರ್ಷದ ಲೆಕ್ಕವನ್ನು ತೆಗೆದು ನೋಡಲಿ.

ಮಕ್ಕಳ ಮೇಲಿನ ಕಾಠಿಣ್ಯದ ಬಗ್ಗೆ ಇಬ್ನು ಖಲ್ದೂನ್ ಆರು ಶತಮಾನಗಳ ಹಿಂದೆಯೇ ತಮ್ಮ 'ಮುಕದ್ದಿಮ'ದಲ್ಲಿ ಒಂದು ಅಧ್ಯಾಯ ಬರೆದು, ಅದು ಮಗುವಿನ ಉತ್ಸಾಹವನ್ನು ಕೊಂದು ಸುಳ್ಳು, ಕಪಟಗಳನ್ನು ಕಲಿಸುತ್ತದೆಂದು ಎಚ್ಚರಿಸಿದ್ದರು. ಅದಕ್ಕೂ ಮುನ್ನ ಪ್ರವಾದಿವರ್ಯರ(ಸ) ಮಾದರಿಯಿದೆ. ಹೊಸದಾಗಿ ದೀನ್ ಕಲಿಯುತ್ತಿದ್ದ ಮುಆವಿಯ ಬಿನ್ ಹಕಮ್(ರ) ನಮಾಝಿನ ನಡುವೆ ಮಾತಾಡಿದಾಗ ಸುತ್ತಲಿನವರು ದುರುಗುಟ್ಟಿ ನೋಡಿದರು. ಪ್ರವಾದಿ(ಸ) ನಮಾಝ್ ಮುಗಿಸಿ ಅವರಿಗೆ ತಿಳಿಹೇಳಿದರು. ತಮ್ಮನ್ನು ಅವರು ಗದರಲಿಲ್ಲ, ಹೊಡೆಯಲಿಲ್ಲ, ನಿಂದಿಸಲಿಲ್ಲ, ಅಂತಹ ಶಿಕ್ಷಕರನ್ನು ತಾವು ಹಿಂದೆಯೂ ಮುಂದೆಯೂ ಕಾಣಲಿಲ್ಲವೆಂದು ಆ ಸಹಾಬಿ ನೆನೆದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಮದ್ರಸದಲ್ಲಿ ಈ ಹದೀಸನ್ನು ನಾವು ಓದಿದ್ದೆವು, ಪರೀಕ್ಷೆಯಲ್ಲೂ ಬರೆದಿದ್ದೆವು. ಐವತ್ತು ಮಕ್ಕಳ ಮುಂದೆ ಅದನ್ನು ನೆನಪಿಸುವ ಒಬ್ಬ ಜೊತೆಗಾರ ನಮಗಿರಲಿಲ್ಲ, ನಾವೂ ಹುಡುಕಲಿಲ್ಲ.

ಆ ಹುಡುಗ ಈಗ ಪ್ರೌಢಶಾಲೆಯಲ್ಲಿದ್ದಾನೆ. ಕುರ್‌ಆನ್ ಪಾರಾಯಣವನ್ನೂ ಒಮ್ಮೆ ಮುಗಿಸಿದ್ದಾನೆ, ಬೇರೊಬ್ಬ ಉಸ್ತಾದರ ಬಳಿ. ದಾರಿಯಲ್ಲಿ ಕಂಡರೆ ಸಲಾಮ್ ಹೇಳಿ ನಮ್ಮ ಎಡಗಡೆಗೆ ಬಂದು ನಡೆಯುತ್ತಾನೆ. ನಮ್ಮ ಮಾತು ಅವನ ಬಲಗಿವಿಗೆ ಬೀಳಬೇಕಲ್ಲವೇ. ನಾವು ಅವನಲ್ಲಿ ಕ್ಷಮೆ ಕೇಳಿದ್ದೇವೆ. ಅವನು ನಕ್ಕು ಸುಮ್ಮನಾದ. ಅವನ ಆ ಎಡಗಿವಿಯ ಲೆಕ್ಕವನ್ನು ಅಲ್ಲಾಹನ ಮುಂದೆ ಕೊಡಬೇಕಾದವರು ನಾವು.

ನಿಮ್ಮ ಊರಿನ ಶಾಲೆಯಲ್ಲಿ, ಅಂಗನವಾಡಿಯಲ್ಲಿ, ಮಕ್ತಬ್‌ನಲ್ಲಿ ಇಂದು ಯಾವ ಮಗು ತಲೆಯನ್ನು ಒಂದು ಕಡೆಗೆ ತಿರುಗಿಸಿ ಕುಳಿತಿದೆಯೋ ನಮಗೆ ತಿಳಿಯದು. ಅದನ್ನು ಕಾಣಬಲ್ಲವರೊಬ್ಬರು ಅದರ ಶಿಕ್ಷಕರ ಪಕ್ಕದಲ್ಲಿ ಕುಳಿತಿರುವಂತೆ ಮಾಡುವುದು ನಮ್ಮ ನಿಮ್ಮೆಲ್ಲರ ಕೈಯಲ್ಲಿದೆ. ಕಲಿಸುವವರಿಗೆ ಕರುಣೆಯನ್ನೂ ಅವರ ಬೆನ್ನಿಗೆ ನಿಲ್ಲುವ ಬಲವನ್ನು ನಮಗೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.